ಹೊಸ ಬಟ್ಟೆ ಒಗೆಯುವ ಯಂತ್ರ: ಮನೆಯಲ್ಲಿ ನಾವೇ ಜೋಡಿಸಿಕೊಳ್ಳುವ ಬಗೆ

ಊರಿನ ಕೆರೆಯ ದಂಡೆಯಲ್ಲಿ, ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಬಟ್ಟೆ ಒಗೆದ ತಲೆಮಾರಿನ ಮಕ್ಕಳು ಮತ್ತು ಮೊಮ್ಮಕ್ಕಳು ಇಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿದ್ದಾರೆ. ಈ ಮನೆಗಳಲ್ಲಿ ಒಗೆಯುವ ಕಲ್ಲಿಗೆ ಎಡೆಯಿಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುವ ಸಂಸಾರಗಳಲ್ಲಿ ಬಟ್ಟೆ ಒಗೆಯುವ ಯಂತ್ರವು ಅನುಕೂಲದ ವಸ್ತು ಎಂಬ ಮಟ್ಟವನ್ನು ದಾಟಿ ಅಗತ್ಯದ ವಸ್ತುವೇ ಆಗಿದೆ. ಯಂತ್ರವನ್ನು ಕೊಳ್ಳುವಾಗ ನಾವು ಬೆಲೆ, ಬಣ್ಣ, ಕಿಲೋ ಲೆಕ್ಕಗಳನ್ನೆಲ್ಲ ವಿಚಾರಿಸುತ್ತೇವೆ. ಆದರೆ ಅದು ಮನೆಯೊಳಗೆ ಹೇಗೆ ನಿಲ್ಲಬೇಕು, ನೀರು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು, ವಿದ್ಯುತ್ತು ಹೇಗೆ ದೊರೆಯಬೇಕು ಎಂಬುದನ್ನು ವಿಚಾರಿಸುವವರು ವಿರಳ.

ಹೊಸ ಯಂತ್ರ ಕೊಂಡಾಗ ತಯಾರಕರ ಕಡೆಯ ತಂತ್ರಜ್ಞರು ಬಂದು ಜೋಡಿಸಿಕೊಡುವುದು ವಾಡಿಕೆ. ಹಾಗಿರುವಾಗ ನಾವೇಕೆ ಇದನ್ನು ಕಲಿಯಬೇಕು ಎಂದು ಓದುಗ ಬಂಧುಗಳು ಕೇಳಬಹುದು. ಕಾರಣಗಳು ಮೂರು. ಮೊದಲನೆಯದಾಗಿ, ತಂತ್ರಜ್ಞರು ಎಲ್ಲ ಕಾಲದಲ್ಲಿಯೂ ಹೇಳಿದ ದಿನವೇ ಬರುವುದಿಲ್ಲ. ಎರಡನೆಯದಾಗಿ, ಬಾಡಿಗೆ ಮನೆಗಳಲ್ಲಿರುವ ನಮ್ಮವರು ಎರಡು ಮೂರು ವರ್ಷಗಳಿಗೊಮ್ಮೆ ಮನೆ ಬದಲಿಸುತ್ತಾರೆ. ಪ್ರತಿ ಸಲವೂ ಯಂತ್ರವನ್ನು ಕಳಚಿ ಮತ್ತೆ ಜೋಡಿಸಬೇಕಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಜೋಡಿಸುವವರು ಯಾರೇ ಆಗಿರಲಿ, ಸರಿಯಾಗಿ ಜೋಡಣೆಯಾಗಿದೆಯೇ ಎಂದು ಪರೀಕ್ಷಿಸುವ ತಿಳಿವಳಿಕೆ ಮನೆಯವರಿಗೆ ಇರಬೇಕು. ನೀರು ಮತ್ತು ವಿದ್ಯುತ್ತು ಒಂದೇ ಪೆಟ್ಟಿಗೆಯೊಳಗೆ ಸೇರುವ ಈ ಯಂತ್ರದಲ್ಲಿ ಅಜಾಗರೂಕತೆಗೆ ತೆರಬೇಕಾದ ಬೆಲೆ ಕೆಲವೊಮ್ಮೆ ಪ್ರಾಣವೇ ಆಗಬಹುದು.

ಪೆಟ್ಟಿಗೆ ತೆರೆಯುವ ಮುನ್ನ

ಮೊದಲು ಖಾತರಿ ಪತ್ರವನ್ನು, ಅಂದರೆ ವಾರಂಟಿ ಕಾರ್ಡನ್ನು, ಪೂರ್ಣವಾಗಿ ಓದಬೇಕು. ತಮ್ಮ ತಂತ್ರಜ್ಞರೇ ಜೋಡಿಸಿದರೆ ಮಾತ್ರ ಖಾತರಿ ಎಂಬ ನಿಬಂಧನೆ ಕೆಲವರಲ್ಲಿ ಇರುತ್ತದೆ. ಹಾಗಿದ್ದಲ್ಲಿ ಹೊಸ ಯಂತ್ರದ ಮೊದಲ ಜೋಡಣೆಯನ್ನು ಅವರಿಗೇ ಬಿಡುವುದು ಲೇಸು. ಅವರು ಕೆಲಸ ಮಾಡುವಾಗ ಮುಂದೆ ಹೇಳುವ ಅಂಶಗಳನ್ನು ನಾವು ನಿಂತು ಗಮನಿಸಿದರೆ ಸಾಕು. ಪೆಟ್ಟಿಗೆ ಜಜ್ಜಿಹೋಗಿದ್ದರೆ ತೆರೆಯುವ ಮೊದಲೇ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬೇಕು. ಮಾರಾಟಗಾರರಿಂದ ನ್ಯಾಯ ದೊರೆಯದಿದ್ದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ ನೆನಪಿನಲ್ಲಿರಲಿ.

ಮುಂಬಾಗಿಲಿನ ಯಂತ್ರಗಳು ಸಾಮಾನ್ಯವಾಗಿ 60 ಸೆಂಟಿಮೀಟರ್ ಅಗಲ, 85 ಸೆಂಟಿಮೀಟರ್ ಎತ್ತರ ಇರುತ್ತವೆ. ತೂಕ 60ರಿಂದ 70 ಕಿಲೋಗ್ರಾಂ. ನಮ್ಮ ಹಳೆಯ ಕಟ್ಟಡಗಳ ಸ್ನಾನದ ಮನೆಯ ಬಾಗಿಲುಗಳು ಇದಕ್ಕಿಂತ ಕಿರಿದಾಗಿರುವುದುಂಟು. ಆದ್ದರಿಂದ ಬಾಗಿಲು, ಲಿಫ್ಟು, ಯಂತ್ರ ನಿಲ್ಲುವ ಜಾಗ ಮೂರನ್ನೂ ಟೇಪು ಹಿಡಿದು ಅಳೆಯಬೇಕು. ಹಿಂಬದಿಯಲ್ಲಿ ಕೊಳವೆಗಳಿಗಾಗಿ ಕನಿಷ್ಠ ಒಂದು ಗೇಣಿನಷ್ಟು ಎಡೆ ಬಿಡಬೇಕು. ಇಷ್ಟು ಭಾರದ ವಸ್ತುವನ್ನು ಒಬ್ಬರೇ ಎತ್ತುವ ಸಾಹಸ ಬೇಡ. ಬಾಗಿಲನ್ನಾಗಲಿ, ಮೇಲಿನ ಹಲಗೆಯನ್ನಾಗಲಿ ಹಿಡಿದು ಎಳೆಯುವುದೂ ಬೇಡ.

ಎಲ್ಲಕ್ಕಿಂತ ಮೊದಲು ವಿದ್ಯುತ್ತು

ನೀರು ಬಿಸಿಮಾಡುವ ಯಂತ್ರದ ಹೀಟರು ಸುಮಾರು 2000 ವ್ಯಾಟ್ ಶಕ್ತಿಯನ್ನು ಬಳಸುತ್ತದೆ. ನಮ್ಮ ಮನೆಗಳಿಗೆ ಬರುವ 230 ವೋಲ್ಟಿನ ಲೆಕ್ಕದಲ್ಲಿ ಇದು ಸುಮಾರು 8.7 ಆಂಪಿಯರ್ ಆಯಿತು. ಫ್ಯಾನು, ದೀಪಗಳಿಗೆಂದು ಕೂರಿಸಿದ 6 ಆಂಪಿಯರಿನ ಚಿಕ್ಕ ಸಾಕೆಟ್ಟು ಇದನ್ನು ತಾಳಲಾರದು. ಅದು ಬಿಸಿಯಾಗಿ ಕರಗಿ ಬೆಂಕಿಗೆ ಕಾರಣವಾಗಬಹುದು. ಆದ್ದರಿಂದ ಈ ಯಂತ್ರಕ್ಕೆ 16 ಆಂಪಿಯರಿನ ಮೂರು ಕಣ್ಣಿನ ದೊಡ್ಡ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಷನ್ ಬೋರ್ಡು ಮತ್ತು ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರು, ಎರಡನ್ನೂ ದೂರವಿಡಬೇಕು.

ಇನ್ನು ಭೂಸಂಪರ್ಕ, ಅಂದರೆ ಅರ್ಥಿಂಗ್. ಸಾಕೆಟ್ಟಿನ ಮೂರು ಕಣ್ಣುಗಳಲ್ಲಿ ಮೇಲಿನ ದಪ್ಪ ಕಣ್ಣು ಇದಕ್ಕಾಗಿಯೇ ಇದೆ. ಯಂತ್ರದೊಳಗಿನ ತಂತಿಯೊಂದು ಸವೆದು ಲೋಹದ ಮೈಗೆ ತಗುಲಿದರೆ, ಆ ವಿದ್ಯುತ್ತು ಭೂಸಂಪರ್ಕದ ತಂತಿಯ ಮೂಲಕ ಸುಲಭವಾಗಿ ಹರಿದುಹೋಗಿ ಫ್ಯೂಜು ಕಡಿಯುವಂತೆ ಅಥವಾ ಸ್ವಿಚ್ಚು ಬೀಳುವಂತೆ ಮಾಡುತ್ತದೆ. ಆ ತಂತಿ ಇಲ್ಲವಾದರೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಯಂತ್ರವನ್ನು ಮುಟ್ಟುವವರ ದೇಹವೇ ಆ ತಂತಿಯ ಕೆಲಸವನ್ನು ಮಾಡಬೇಕಾಗುತ್ತದೆ. ನಮ್ಮ ಮನೆಗಳಲ್ಲಿ ಹಾಗೆ ನಿಲ್ಲುವವರು ಹೆಚ್ಚಾಗಿ ತಾಯಂದಿರು ಮತ್ತು ಮನೆಗೆಲಸದ ಸಹಾಯಕಿಯರು ಎಂಬುದನ್ನು ಮರೆಯಬಾರದು.

ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿಗೆ ಮೂರು ಕಣ್ಣು ಇದ್ದರೂ ಅದರ ಹಿಂದೆ ಮೂರನೆಯ ತಂತಿಯೇ ಇಲ್ಲದಿರುವುದು ಅಪರೂಪವಲ್ಲ. ಹಿಂದೆ ಕೆಲವರು ಈ ತಂತಿಯನ್ನು ನೀರಿನ ಕಬ್ಬಿಣದ ಕೊಳವೆಗೆ ಸುತ್ತಿ ಕೆಲಸ ಮುಗಿಸುತ್ತಿದ್ದರು. ಆ ಕ್ರಮ ಅಂದೂ ಸರಿಯಿರಲಿಲ್ಲ, ಇಂದಂತೂ ಅಪಾಯಕರ. ಏಕೆಂದರೆ ದುರಸ್ತಿಯ ವೇಳೆ ಆ ಕೊಳವೆಗಳ ನಡುವೆ ಎಲ್ಲೋ ಒಂದೆಡೆ ಪ್ಲಾಸ್ಟಿಕ್ಕಿನ ತುಂಡು ಸೇರಿರುತ್ತದೆ. ಅಲ್ಲಿಂದ ಮುಂದೆ ಭೂಮಿಯ ಸಂಪರ್ಕವೇ ಇರುವುದಿಲ್ಲ. ಅದರ ಮೇಲೆ, ಸೋರಿದ ವಿದ್ಯುತ್ತು ನೆರೆಮನೆಯವರ ನಲ್ಲಿಗೂ ತಲುಪಬಹುದು.

ಯಂತ್ರದ ಮೈ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವ ಅನುಭವವಾಗುತ್ತದೆ ಎಂದು ಅನೇಕರು ಹೇಳುತ್ತಾರೆ. ಅದನ್ನು ಲಘುವಾಗಿ ಕಾಣಬಾರದು. ಇಂದಿನ ಯಂತ್ರಗಳೊಳಗೆ ವಿದ್ಯುತ್ತಿನ ಗದ್ದಲವನ್ನು ಸೋಸುವ ಪುಟ್ಟ ಫಿಲ್ಟರೊಂದು ಇರುತ್ತದೆ. ಅದರ ಮೂಲಕ ಅತ್ಯಲ್ಪ ಪ್ರಮಾಣದ ವಿದ್ಯುತ್ತು ಸದಾ ಮೈಗೆ ಬರುತ್ತದೆ. ಭೂಸಂಪರ್ಕ ಸರಿಯಿದ್ದರೆ ಅದು ನಮಗೆ ತಿಳಿಯದಂತೆ ನೆಲ ಸೇರುತ್ತದೆ, ಇಲ್ಲದಿದ್ದರೆ ಬೆರಳಿಗೆ ತಿಳಿಯುತ್ತದೆ. ಜುಮ್ಮೆನ್ನುವಿಕೆ ಭೂಸಂಪರ್ಕ ಇಲ್ಲವೆಂಬುದರ ಮುನ್ಸೂಚನೆ. ಯಂತ್ರದಲ್ಲಿ ಬೇರೊಂದು ದೋಷವಿರುವ ಸಂಭವವೂ ಇದೆ. ಕೂಡಲೇ ಮುಖ್ಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಳಚಿ, ಪರವಾನಗಿ ಇರುವ ವಿದ್ಯುತ್ ಕುಶಲಕರ್ಮಿಯನ್ನು ಕರೆಸಬೇಕು.

ನಮ್ಮ ಸಲಹೆ ಇಷ್ಟು: ಯಂತ್ರ ಮನೆಗೆ ಬರುವ ಮುನ್ನವೇ ಒಬ್ಬ ಅನುಭವಿ ಎಲೆಕ್ಟ್ರಿಷಿಯನ್ನರಿಂದ ಆ ಸಾಕೆಟ್ಟಿನ ಭೂಸಂಪರ್ಕವನ್ನು ಪರೀಕ್ಷಿಸಬೇಕು. ಮನೆಯ ಮುಖ್ಯ ಫಲಕದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲವಾದರೆ ಹಾಕಿಸಬೇಕು. ವಿದ್ಯುತ್ತು ದಾರಿ ತಪ್ಪಿ ಸೋರುತ್ತಿರುವುದನ್ನು ಗುರುತಿಸಿ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕ ಕಡಿದುಹಾಕುವ ಸಾಧನವಿದು. ಯಂತ್ರ ಜೋಡಣೆಯಲ್ಲಿ ನಾವೇ ಮಾಡಬಾರದ ಕೆಲಸ ಯಾವುದೆಂದರೆ ಇದೊಂದೇ. ಉಳಿದವುಗಳಿಗೆ ಒಂದು ಪಾನ, ಒಂದು ರಸಮಟ್ಟ ಮತ್ತು ಸ್ವಲ್ಪ ತಾಳ್ಮೆ ಸಾಕು.

ಸಾಗಾಣಿಕೆಯ ಬೋಲ್ಟುಗಳು

ಮುಂಬಾಗಿಲಿನ ಯಂತ್ರದೊಳಗಿನ ತೊಟ್ಟಿಯು ಗಟ್ಟಿಯಾಗಿ ಬಿಗಿದುಕೊಂಡಿರುವುದಿಲ್ಲ. ಸ್ಪ್ರಿಂಗುಗಳ ಮೇಲೆ ತೊಟ್ಟಿಲಿನಂತೆ ತೂಗಾಡುತ್ತಿರುತ್ತದೆ. ಕಾರ್ಖಾನೆಯಿಂದ ಮನೆಯವರೆಗಿನ ಪ್ರಯಾಣದಲ್ಲಿ ಅದು ಕುಲುಕಿ ಹಾಳಾಗದಿರಲೆಂದು ಯಂತ್ರದ ಬೆನ್ನಿಗೆ ಮೂರು ಅಥವಾ ನಾಲ್ಕು ಉದ್ದನೆಯ ಬೋಲ್ಟುಗಳನ್ನು ಹಾಕಿ ತೊಟ್ಟಿಯನ್ನು ಬಂಧಿಸಿರುತ್ತಾರೆ. ಇವುಗಳನ್ನು ತೆಗೆಯದೆ ಯಂತ್ರವನ್ನು ನಡೆಸಿದರೆ ಹಿಂಡುವ ವೇಳೆಯಲ್ಲಿ ಇಡೀ ಯಂತ್ರವೇ ನಡುಗುತ್ತ ಜಾಗ ಬಿಟ್ಟು ನಡೆಯತೊಡಗುತ್ತದೆ. ಒಂದೇ ಬಾರಿಯ ಓಟದಲ್ಲಿಯೂ ಅದರ ಒಳಭಾಗಗಳಿಗೆ ಧಕ್ಕೆಯಾಗಬಹುದು, ಇಂತಹ ಹಾನಿಗೆ ಖಾತರಿಯೂ ಅನ್ವಯಿಸುವುದಿಲ್ಲ.

ಪಾನದಿಂದ ಬೋಲ್ಟನ್ನು ಸಡಿಲಿಸಿ, ಅದರ ಜೊತೆಗಿರುವ ರಬ್ಬರು ಅಥವಾ ಪ್ಲಾಸ್ಟಿಕ್ಕಿನ ನಳಿಗೆಯ ಸಮೇತ ನೇರವಾಗಿ ಹೊರಕ್ಕೆಳೆಯಬೇಕು. ಎಷ್ಟು ಬೋಲ್ಟುಗಳಿವೆ ಎಂದು ಕೈಪಿಡಿಯಲ್ಲಿ ನೋಡಿ ಎಣಿಸಿಕೊಳ್ಳಬೇಕು. ಬಳಿಕ ಆ ರಂಧ್ರಗಳಿಗೆ ಯಂತ್ರದೊಡನೆ ಬಂದ ಪ್ಲಾಸ್ಟಿಕ್ ಮುಚ್ಚಳಗಳನ್ನು ಒತ್ತಿ ಕೂರಿಸಬೇಕು. ಇಲ್ಲವಾದರೆ ಜಿರಳೆ, ಇಲಿಮರಿಗಳಿಗೆ ಅದೇ ಹೆಬ್ಬಾಗಿಲು. ತೆಗೆದ ಬೋಲ್ಟುಗಳನ್ನು ಎಸೆಯಬಾರದು. ನಾಳೆ ಮುಂಬಯಿಯಿಂದ ಪುಣೆಗೋ, ಊರಿಗೋ ಯಂತ್ರವನ್ನು ಒಯ್ಯಬೇಕಾದಾಗ ಅವು ಮತ್ತೆ ಬೇಕಾಗುತ್ತವೆ. ಒಂದು ಚೀಲದಲ್ಲಿ ಕಟ್ಟಿ, ಖಾತರಿ ಪತ್ರದ ಜೊತೆಯಲ್ಲಿಯೇ ಇಡುವುದು ಒಳ್ಳೆಯದು. ಮೇಲ್ಬಾಗಿಲಿನ ಯಂತ್ರಗಳಲ್ಲಿ ಬೋಲ್ಟುಗಳ ಬದಲು ಫೋಮಿನ ಅಥವಾ ರಟ್ಟಿನ ಆಧಾರಗಳು ಇರುವುದುಂಟು. ಅವನ್ನೂ ಮರೆಯದೆ ತೆಗೆಯಬೇಕು.

ನೀರು ಬರುವ ದಾರಿ

ಯಂತ್ರದ ನೀರಿನ ಕೊಳವೆಯ ತುದಿಯು ಮುಕ್ಕಾಲು ಅಂಗುಲದ ಮರೆ ಇರುವ ನಲ್ಲಿಗೆ ಹೊಂದುವಂತೆ ಮಾಡಿರುತ್ತದೆ. ಮಾಮೂಲು ನಲ್ಲಿಗೆ ಕೊಳವೆಯನ್ನು ತುರುಕಿ ದಾರ ಸುತ್ತುವ ಬದಲು, ವಾಷಿಂಗ್ ಮೆಷಿನ್ನಿಗೆಂದೇ ದೊರೆಯುವ ನಲ್ಲಿಯನ್ನು ಕೂರಿಸಿಕೊಳ್ಳುವುದು ಕ್ಷೇಮ. ಗೋಡೆಗೆ ಸೇರುವ ಕಡೆಯ ಮರೆಗೆ ಬಿಳಿಯ ಟೆಫ್ಲಾನ್ ಟೇಪನ್ನು ಸುತ್ತಬೇಕು. ಕೊಳವೆ ಸೇರುವ ಕಡೆಗೆ ಟೇಪಿನ ಅಗತ್ಯವಿಲ್ಲ; ಅಲ್ಲಿ ನೀರು ತಡೆಯುವುದು ಒಳಗಿರುವ ರಬ್ಬರಿನ ವಾಷರು. ಅದು ತನ್ನ ಜಾಗದಲ್ಲಿ ಸಮವಾಗಿ ಕುಳಿತಿದೆಯೇ ಎಂದು ನೋಡಿ, ಕೈಯಿಂದಲೇ ತಿರುಗಿಸಿ ಬಿಗಿಮಾಡಿದರೆ ಸಾಕು. ಪಾನ ಹಾಕಿ ಬಲವಾಗಿ ತಿರುಚಿದರೆ ಪ್ಲಾಸ್ಟಿಕ್ಕಿನ ಮರೆ ಸೀಳುತ್ತದೆ.

ನೀರಿನ ಒತ್ತಡದ ವಿಚಾರ ನಗರದ ಕಟ್ಟಡಗಳಲ್ಲಿ ವಿಶೇಷ ಗಮನಕ್ಕೆ ಅರ್ಹವಾದುದು. ನಲ್ಲಿಗಿಂತ ತೊಟ್ಟಿಯ ನೀರು 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ದೊರೆಯುತ್ತದೆ. ಅನೇಕ ಯಂತ್ರಗಳ ಕೈಪಿಡಿಗಳು 0.3ರಿಂದ 0.5 ಬಾರ್‌ನಷ್ಟಾದರೂ ಒತ್ತಡ ಬೇಕೆಂದು ಹೇಳುತ್ತವೆ. ತಾರಸಿಯ ಮೇಲಿನ ತೊಟ್ಟಿಯಿಂದ ಕೆಳಗಿನ ಅಂತಸ್ತುಗಳಿಗೆ ಇದು ಧಾರಾಳವಾಗಿ ಸಿಗುತ್ತದೆ. ಆದರೆ ಕಟ್ಟಕಡೆಯ ಮಹಡಿಯಲ್ಲಿ ನಲ್ಲಿಗೂ ತೊಟ್ಟಿಗೂ ನಡುವೆ ಎರಡು ಮೂರು ಮೀಟರಿನ ಅಂತರವಷ್ಟೇ ಇರುತ್ತದೆ, ಒತ್ತಡ 0.2ರಿಂದ 0.3 ಬಾರ್ ದಾಟುವುದಿಲ್ಲ. ಆಗ ಯಂತ್ರವು ನೀರಿಗಾಗಿ ಕಾಯುತ್ತ ನಿಂತು, ಕೊನೆಗೆ ದೋಷದ ಸಂಕೇತವನ್ನು ತೋರಿಸುತ್ತದೆ. ಯಂತ್ರ ಕೆಟ್ಟಿತೆಂದು ನಾವು ದೂರುತ್ತೇವೆ. ಕೆಟ್ಟಿರುವುದು ಯಂತ್ರವಲ್ಲ, ನೀರಿನ ಎತ್ತರ ಸಾಲದಾಗಿದೆ. ಮೇಲ್ಮಹಡಿಯ ವಾಸಿಗಳು ಕಡಿಮೆ ಒತ್ತಡದಲ್ಲಿಯೂ ನಡೆಯುವ ಯಂತ್ರವನ್ನು ಕೇಳಿ ಕೊಳ್ಳಬೇಕು, ಇಲ್ಲವೇ ಸೊಸೈಟಿಯ ಒಪ್ಪಿಗೆ ಪಡೆದು ಚಿಕ್ಕ ಪಂಪನ್ನು ಅಳವಡಿಸಿಕೊಳ್ಳಬೇಕು.

ಕೊಳವೆಯು ಯಂತ್ರವನ್ನು ಸೇರುವಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಕಟ್ಟಡದ ತೊಟ್ಟಿಯನ್ನು ತೊಳೆದ ಮರುದಿನ, ಟ್ಯಾಂಕರಿನ ನೀರು ತುಂಬಿಸಿದ ಮರುದಿನ ಅದರಲ್ಲಿ ಮರಳು, ತುಕ್ಕು ಸೇರಿಕೊಳ್ಳುತ್ತವೆ. ತಿಂಗಳಿಗೊಮ್ಮೆ ನಲ್ಲಿ ಮುಚ್ಚಿ, ಕೊಳವೆ ಕಳಚಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಸ್ವಚ್ಛಗೊಳಿಸಬೇಕು.

ನೀರು ಹೋಗುವ ದಾರಿ

ಮುಂಬಾಗಿಲಿನ ಯಂತ್ರವು ಕೊಳೆನೀರನ್ನು ಪಂಪಿನಿಂದ ಮೇಲಕ್ಕೆ ನೂಕುತ್ತದೆ. ಅದರ ಹೊರಹರಿವಿನ ಕೊಳವೆಯು ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಏರಿ ಬಳಿಕ ಇಳಿಯಬೇಕೆಂದು ಬಹುತೇಕ ಕೈಪಿಡಿಗಳು ಹೇಳುತ್ತವೆ. ಇದಕ್ಕೆ ಕಾರಣವಿದೆ. ಕೊಳವೆಯನ್ನು ನೇರವಾಗಿ ನೆಲಕ್ಕೆ ಮಲಗಿಸಿದರೆ, ತೊಟ್ಟಿಗೆ ತುಂಬಿದ ನೀರು ತುಂಬಿದ ಹಾಗೆಯೇ ತಾನಾಗಿ ಹೊರಕ್ಕೆ ಹರಿದುಹೋಗಬಹುದು. ಯಂತ್ರ ಮತ್ತೆ ಮತ್ತೆ ನೀರನ್ನು ತುಂಬಿಸಿಕೊಳ್ಳುತ್ತದೆ, ಬಟ್ಟೆ ಶುಭ್ರವಾಗುವುದಿಲ್ಲ, ಸಾಬೂನಿನ ಪುಡಿಯೂ ಚರಂಡಿ ಸೇರುತ್ತದೆ.

ಕೊಳವೆಯ ತುದಿಯನ್ನು ಚರಂಡಿಯ ಬಾಯಿಯೊಳಗೆ ಬಿಗಿಯಾಗಿ ತುರುಕುವುದೂ, ನಿಂತ ನೀರಿನಲ್ಲಿ ಮುಳುಗಿಸುವುದೂ ತರವಲ್ಲ. ಗಾಳಿ ಆಡಲು ಎಡೆ ಇಲ್ಲದಿದ್ದರೆ ಒಮ್ಮೆ ಹರಿಯತೊಡಗಿದ ನೀರು ಪಂಪು ನಿಂತ ಮೇಲೂ ಎಳೆದುಕೊಂಡು ಹರಿಯುತ್ತಲೇ ಇರುತ್ತದೆ. ಕೊಳೆನೀರು ಹಿಂದಕ್ಕೆ ಬರುವ ಸಂಭವವೂ ಇದೆ. ಆದ್ದರಿಂದ ತುದಿಯ ಸುತ್ತ ಸ್ವಲ್ಪ ಬಿಡುವು ಇರಲಿ, ಆದರೆ ನೀರಿನ ರಭಸಕ್ಕೆ ಅದು ಹಾರಿ ಬೀಳದಂತೆ ಕಟ್ಟಿರಲಿ. ಗಂಡಿಯ ಜಾಲರಿಯಲ್ಲಿ ಕೂದಲು, ನೂಲು ಕಟ್ಟಿಕೊಂಡಿದ್ದರೆ ನೀರು ಕೋಣೆಗೆ ನುಗ್ಗುತ್ತದೆ, ಅಲ್ಲಿಂದ ಕೆಳಮನೆಯವರ ಛಾವಣಿಗೆ ಇಳಿಯುತ್ತದೆ. ಸೊಸೈಟಿಯ ಸಭೆಗಳಲ್ಲಿ ನೆರೆಹೊರೆಯವರ ನಡುವೆ ವರ್ಷಗಟ್ಟಲೆ ಉಳಿಯುವ ಮನಸ್ತಾಪಗಳಲ್ಲಿ ಎಷ್ಟೋ ಈ ಸೋರಿಕೆಯಿಂದಲೇ ಹುಟ್ಟಿದವು.

ಮೇಲ್ಬಾಗಿಲಿನ ಯಂತ್ರಗಳಲ್ಲಿ ಪಂಪು ಇಲ್ಲದೆ ನೀರು ತಾನಾಗಿ ಕೆಳಗೆ ಹರಿದುಹೋಗುವ ಮಾದರಿಗಳೂ ಇವೆ. ಅವುಗಳ ಕೊಳವೆಯನ್ನು ಮೇಲಕ್ಕೆತ್ತಿ ಕಟ್ಟಬಾರದು. ನೆಲದ ಮೇಲೆಯೇ ಇಳಿಜಾರಾಗಿ ಮಲಗಿರಬೇಕು. ನಮ್ಮ ಯಂತ್ರ ಯಾವ ಬಗೆಯದು ಎಂಬುದನ್ನು ಕೈಪಿಡಿ ನೋಡಿಯೇ ನಿಶ್ಚಯಿಸಬೇಕು.

ನೆಲದ ಮಟ್ಟ

ನಮ್ಮ ಸ್ನಾನದ ಮನೆ, ಬಾಲ್ಕನಿಗಳ ನೆಲವನ್ನು ನೀರು ಹರಿದುಹೋಗಲೆಂದು ಇಳಿಜಾರಾಗಿಯೇ ಕಟ್ಟಿರುತ್ತಾರೆ. ಯಂತ್ರ ನಿಲ್ಲುವುದೂ ಅಲ್ಲಿಯೇ. ಸ್ವಲ್ಪ ಓರೆಯಾದರೆ ಏನಾಯಿತು ಎನ್ನುವವರು ಒಂದು ಲೆಕ್ಕವನ್ನು ನೋಡಬೇಕು. ಯಂತ್ರದ ಪಾತ್ರೆಯ ತ್ರಿಜ್ಯ ಸುಮಾರು 25 ಸೆಂಟಿಮೀಟರ್. ಅದು ಹಿಂಡುವಾಗ ನಿಮಿಷಕ್ಕೆ 1200 ಸುತ್ತು, ಅಂದರೆ ಸೆಕೆಂಡಿಗೆ 20 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಪಾತ್ರೆಯ ಅಂಚಿನಲ್ಲಿರುವ ಬಟ್ಟೆಯ ಮೇಲೆ ಭೂಮಿಯ ಸೆಳೆತದ ಸುಮಾರು 400 ಪಟ್ಟು ಬಲ ಬೀಳುತ್ತದೆ. ಒಂದು ಬದಿಯಲ್ಲಿ ಕೇವಲ 200 ಗ್ರಾಂ ಹೆಚ್ಚು ಭಾರ ಸೇರಿದರೂ ಅದು 80 ಕಿಲೋ ತೂಕದಷ್ಟು ಬಲದಿಂದ ಸೆಕೆಂಡಿಗೆ 20 ಬಾರಿ ದಿಕ್ಕು ಬದಲಿಸುತ್ತ ಎಳೆಯುತ್ತದೆ. ಈ ಕುಲುಕಾಟವನ್ನು ತಡೆಯಲೆಂದೇ ಯಂತ್ರದೊಳಗೆ ಕಾಂಕ್ರೀಟಿನಂತಹ ಭಾರದ ತುಂಡುಗಳನ್ನು ಕೂರಿಸಿರುತ್ತಾರೆ. ಆದರೂ ನಾಲ್ಕು ಕಾಲುಗಳು ನೆಲವನ್ನು ಸಮವಾಗಿ ಒತ್ತದಿದ್ದರೆ ಆ ಎಲ್ಲ ಏರ್ಪಾಡು ವ್ಯರ್ಥ.

ಯಂತ್ರದ ಮೇಲೆ ರಸಮಟ್ಟವನ್ನು ಮೊದಲು ಅಡ್ಡಲಾಗಿ, ಬಳಿಕ ಉದ್ದವಾಗಿ ಇಟ್ಟು ನೋಡಬೇಕು. ತಗ್ಗಿರುವ ಕಡೆಯ ಕಾಲನ್ನು ತಿರುಗಿಸಿ ಎತ್ತರಿಸಬೇಕು. ಕಾಲುಗಳನ್ನು ಆದಷ್ಟೂ ಗಿಡ್ಡವಾಗಿಯೇ ಇಡುವುದು ಮೇಲು. ಮಟ್ಟ ಸರಿಯಾದ ಮೇಲೆ ಎದುರುಬದುರಿನ ಮೂಲೆಗಳನ್ನು ಕೈಯಿಂದ ಒತ್ತಿ ನೋಡಬೇಕು. ಯಂತ್ರ ಅಲುಗಾಡದಿದ್ದರೆ, ಕಾಲಿನ ಮೇಲ್ಭಾಗದಲ್ಲಿರುವ ನಟ್ಟನ್ನು ಯಂತ್ರದ ತಳಕ್ಕೆ ತಾಗುವಂತೆ ಬಿಗಿಮಾಡಬೇಕು. ಈ ಕೊನೆಯ ಕೆಲಸವನ್ನು ಮರೆತರೆ ಕೆಲವೇ ವಾರಗಳಲ್ಲಿ ಕಾಲು ತಾನಾಗಿ ತಿರುಗಿ ಮಟ್ಟ ಮತ್ತೆ ತಪ್ಪುತ್ತದೆ. ಕಾಲಿನ ಕೆಳಗೆ ರಟ್ಟು, ಮರದ ಚೂರುಗಳನ್ನು ಇಡುವುದು ತರವಲ್ಲ. ಅಂಗಡಿಗಳಲ್ಲಿ ದೊರೆಯುವ ಗಾಲಿಯ ಸ್ಟ್ಯಾಂಡುಗಳು ಗುಡಿಸಲು ಅನುಕೂಲವೇನೋ ಹೌದು, ಆದರೆ ವೇಗವಾಗಿ ತಿರುಗುವ ಮುಂಬಾಗಿಲಿನ ಯಂತ್ರಕ್ಕೆ ಭದ್ರವಾದ ನೆಲವೇ ಹಿತ.

ಮೊದಲ ಓಟ

ಎಲ್ಲವೂ ಸಿದ್ಧವಾದ ಮೇಲೆ ಬಟ್ಟೆ ಹಾಕದೆ, ಸ್ವಲ್ಪವೇ ಸಾಬೂನು ಪುಡಿಯೊಡನೆ ಯಂತ್ರವನ್ನು ಒಮ್ಮೆ ಪೂರ್ತಿ ಓಡಿಸಬೇಕು. ಬಿಸಿನೀರಿನ ಸೌಲಭ್ಯವಿದ್ದರೆ 60 ಡಿಗ್ರಿಯ ಓಟ ಒಳ್ಳೆಯದು. ಕಾರ್ಖಾನೆಯ ಎಣ್ಣೆ, ಧೂಳು ತೊಳೆದುಹೋಗುತ್ತವೆ. ಆ ವೇಳೆಯಲ್ಲಿ ನಾವು ಅಲ್ಲಿಯೇ ಇರಬೇಕು. ನೀರು ತುಂಬುವಾಗ ನಲ್ಲಿಯ ಸಂದಿಗೆ ಒಣಗಿದ ಕಾಗದ ಹಿಡಿದು ನೋಡಿದರೆ ಸೂಕ್ಷ್ಮ ಸೋರಿಕೆಯೂ ತಿಳಿಯುತ್ತದೆ. ನೀರು ಹೊರಹೋಗುವಾಗ ಗಂಡಿಯು ಆ ಪ್ರಮಾಣವನ್ನು ನುಂಗುತ್ತಿದೆಯೇ, ಹಿಂಡುವಾಗ ಯಂತ್ರ ಕದಲದೆ ನಿಂತಿದೆಯೇ, ಅರ್ಧ ಗಂಟೆಯ ಬಳಿಕ ಪ್ಲಗ್ಗು ಬಿಸಿಯಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. ಪ್ಲಗ್ಗು ಮುಟ್ಟಲಾಗದಷ್ಟು ಬಿಸಿಯಾದರೆ ಸಾಕೆಟ್ಟಿನ ಸಂಪರ್ಕ ಸಡಿಲವಾಗಿದೆ ಎಂದೇ ಅರ್ಥ. ಸ್ವಿಚ್ಚು ಆರಿಸಿ ಅದನ್ನು ಸರಿಪಡಿಸುವವರೆಗೆ ಯಂತ್ರ ನಡೆಸಬಾರದು.

ಒಗೆತ ಮುಗಿದ ಮೇಲೆ ನಲ್ಲಿಯನ್ನೂ ಸ್ವಿಚ್ಚನ್ನೂ ಮುಚ್ಚುವ ಅಭ್ಯಾಸ ಮನೆಯ ಎಲ್ಲರಿಗೂ ಇರಲಿ. ಮನೆಗೆ ಬೀಗ ಹಾಕಿ ಬೇಸಿಗೆಯಲ್ಲಿ ಊರಿಗೆ ಹೋದಾಗ ಕೊಳವೆ ಸಿಡಿದರೆ ನೋಡುವವರು ಯಾರೂ ಇರುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಯಂತ್ರದ ಬಾಗಿಲನ್ನು ಹಾರುಹೊಡೆದು ಬಿಡಬಾರದು. ಒಳಗೆ ಹೊಕ್ಕು ಆಡುವ ಆಸೆ ಮಕ್ಕಳಿಗೆ ಸಹಜ, ಅಪಾಯದ ಅರಿವು ಅವರಿಗಿಲ್ಲ.

ನೀರಿನ ಗಡಸುತನದ ಬಗೆಗೂ ಒಂದು ಮಾತು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಸ್ವೀಕಾರಾರ್ಹ, ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಸಹ್ಯ. ಸರೋವರಗಳ ನೀರನ್ನು ಬಳಸುವ ಮುಂಬಯಿಗರಿಗೆ ಈ ಚಿಂತೆ ಕಡಿಮೆ. ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನು ನೆಚ್ಚಿರುವ ಚೆನ್ನೈ, ಹೈದರಾಬಾದು, ದೆಹಲಿಯ ಬಡಾವಣೆಗಳಲ್ಲಿ ಹೀಟರಿನ ಮೇಲೆ ಬಿಳಿಯ ಸುಣ್ಣದ ಪದರ ಬೇಗನೆ ಕಟ್ಟುತ್ತದೆ. ಅಂಥವರು ಕೈಪಿಡಿಯಲ್ಲಿ ಸೂಚಿಸಿದ ಸುಣ್ಣ ಕರಗಿಸುವ ಪುಡಿಯನ್ನು ಒಂದೆರಡು ತಿಂಗಳಿಗೊಮ್ಮೆ ಹಾಕಿ ಯಂತ್ರವನ್ನು ಬರಿದಾಗಿ ಓಡಿಸಿದರೆ ಅದರ ಆಯುಷ್ಯ ವೃದ್ಧಿಸುತ್ತದೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ನೆರೆಹೊರೆಯೇ ಬಂಧುಬಳಗ. ಮಕ್ಕಳು ದೂರದೇಶದಲ್ಲಿದ್ದು, ವೃದ್ಧ ದಂಪತಿಗಳಿಬ್ಬರೇ ಇರುವ ಮನೆಗಳು ನಮ್ಮ ಪ್ರತಿಯೊಂದು ಕಟ್ಟಡದಲ್ಲಿಯೂ ಇವೆ. ಅವರ ಮನೆಗೆ ಹೊಸ ಯಂತ್ರ ಬಂದ ದಿನ ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ, ಬೋಲ್ಟು ತೆಗೆದಿದ್ದಾರೆಯೇ, ಮಟ್ಟ ಸರಿಯಿದೆಯೇ, ಎಲ್ಲಕ್ಕಿಂತ ಮಿಗಿಲಾಗಿ ಸಾಕೆಟ್ಟಿಗೆ ಭೂಸಂಪರ್ಕವಿದೆಯೇ ಎಂದು ವಿಚಾರಿಸಿದರೆ ಅದೂ ಒಂದು ಸಂಘಸೇವೆಯೇ. ಈಗಾಗಲೇ ಯಂತ್ರವುಳ್ಳ ಓದುಗರು ಈ ಭಾನುವಾರವೇ ತಮ್ಮ ಮನೆಯ ಸಾಕೆಟ್ಟಿನ ಪರೀಕ್ಷೆಗೆ ಎಲೆಕ್ಟ್ರಿಷಿಯನ್ನರನ್ನು ಕರೆಸಬೇಕೆಂದು ನಾವು ವಿನಂತಿಸುತ್ತೇವೆ. ಆ ಕೆಲಸಕ್ಕೆ ಹಿಡಿಯುವುದು ಕೆಲವೇ ನಿಮಿಷ.